ಹಿಂದಿನ ಸೀಟಿನವರ ತೀರ್ಪು

ನಮ್ಮ ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಗ್ಗೆ

ಪ್ರೀತಿಯ ನನ್ನ ಯಜಮಾನಿಗೆ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲನ್ನು ಇಡೀ ದಿನ ಹತ್ತಿ ಇಳಿಯುತ್ತಿದ್ದೀಯ ಅಂತ ದೊಡ್ಡವಳೇ ನನ್ನ ಹತ್ತಿರ ಚಾಡಿ ಹೇಳಿದ್ದಾಳೆ. ಆದ್ದರಿಂದ ‘ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ’ ಅನ್ನುವ ಉತ್ತರ ಬೇಡ. ಬಾಣಂತಿಗೆ ಸ್ವಲ್ಪವಾದರೂ ನಿದ್ದೆ ಸಿಗುತ್ತಿದೆಯೇ? ಮೊಮ್ಮಗಳು ಈಗಲೂ ಹಗಲನ್ನು ರಾತ್ರಿ, ರಾತ್ರಿಯನ್ನು ಹಗಲು ಮಾಡಿಕೊಂಡಿದ್ದಾಳೆಯೇ? ಫೋನ್ ಇರುವಾಗ ಕಾಗದ ಯಾಕೆ ಅಂತ ನೀನು ಹುಬ್ಬು ಏರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನ್ ಮಾಡಿದರೆ ಮಗು ಮಲಗಿದೆ ಅನ್ನುತ್ತೀರಿ, ಇಲ್ಲವೇ ಮಗು ಎದ್ದುಬಿಟ್ಟಿದೆ ಅನ್ನುತ್ತೀರಿ. ಇವೆರಡರ ನಡುವೆ ಸಿಕ್ಕ ಚೂರು ಹೊತ್ತಿನಲ್ಲಿ ನಾನು ಅರ್ಧ ಮಾತು ಆಡುವಷ್ಟರಲ್ಲಿ ಉಳಿದರ್ಧವನ್ನು ನೀನೇ ಆಡಿ, ಅದಕ್ಕೆ ಉತ್ತರವನ್ನೂ ಕೊಟ್ಟು, ನನ್ನನ್ನು ಬೈದು, ಇಟ್ಟುಬಿಡುತ್ತೀಯ. ಕಾಗದದಲ್ಲಿ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಅದೊಂದೇ ಕಾರಣ. ಇಲ್ಲಿ ಮನೆ ಸರಿಯಾಗಿದೆ. ಗಿಡಗಳಿಗೆಲ್ಲ ನೀರು ಹಾಕುತ್ತಿದ್ದೇನೆ, ಎಲ್ಲವೂ ಹಸಿರಾಗಿವೆ, ಒಂದನ್ನು ಬಿಟ್ಟು. ಆ ಒಂದರ ವಿಷಯ ನೀನು ಬಂದ ಮೇಲೆ ನಿಧಾನವಾಗಿ ಮಾತಾಡೋಣ.

ಈಗ ಗಾಡಿಯ ಕಥೆ. ನೀನು ರೈಲು ಹತ್ತಿದ ವಾರದಲ್ಲೇ ಮೊದಲೇ ದಿನ ಎಣಿಸುತ್ತಿದ್ದ ನಮ್ಮ ಹಳೆಯ ಸೆಡಾನ್ ಪೂರ್ತಿ ಕೈಕೊಟ್ಟಿತು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ, ಏನೂ ಮುಟ್ಟದೆ ಮೆಲ್ಲಗೆ ಮುಚ್ಚಿದ. ‘ಅಣ್ಣಾ, ಇದಕ್ಕೆ ಇನ್ನು ತೊಂದ್ರೆ ಕೊಡಬೇಡಿ’ ಅಂದ. ಬೇಜಾರಾಯಿತು, ಆದರೆ ಬೇಜಾರು ಮಾಡಿಕೊಂಡು ಕೂರಲು ಸಮಯವಿರಲಿಲ್ಲ. ನನ್ನ ಖಾಯಂ ಗಿರಾಕಿಗಳು ಎಷ್ಟು ದಿನ ಕಾಯುತ್ತಾರೆ? ಬೇರೆ ಟ್ಯಾಕ್ಸಿಯ ರುಚಿ ಹತ್ತಿತು ಅಂದರೆ ಮುಗಿಯಿತು. ಬರುವ ಬುಧವಾರ ಹೊಸ ಗಾಡಿ ತರುತ್ತೇನೆ ಅಂತ ಎಲ್ಲರಿಗೂ ಮಾತು ಕೊಟ್ಟುಬಿಟ್ಟೆ. ಇದು ಒಂದು ಕಡೆ. ಇನ್ನೊಂದು ಕಡೆ ನನ್ನ ಬೆನ್ನು. ಡಾಕ್ಟರು ನಿನ್ನ ಎದುರಿಗೇ ಹೇಳಿದ್ದರಲ್ಲ, ‘ಸರಿಯಾದ ಸೀಟು ಸಿಕ್ಕಿದ್ರೆ ಓಡಿಸಿ, ಇಲ್ಲ ಅಂದ್ರೆ ಓಡಿಸೋದು ಬಿಟ್ಟುಬಿಡಿ’ ಅಂತ. ನೀನೂ ರೈಲಿನ ಕಿಟಕಿಯಿಂದ ಕೂಗಿ ಹೇಳಿದ ಮಾತು ಅದೇ: ‘ಈ ಸಲ ಬೆನ್ನನ್ನ ಕೇಳಿ ಗಾಡಿ ತಗೊಳ್ಳಿ, ಬಾಯನ್ನ ಕೇಳಿ ಅಲ್ಲ.’ ಪ್ಲಾಟ್‌ಫಾರ್ಮಿನವರೆಲ್ಲ ನನ್ನ ಬೆನ್ನನ್ನೂ ಬಾಯನ್ನೂ ತಿರುಗಿ ನೋಡಿದರು. ಅಂತೂ ನಾನು ಇನ್ನು ಮುಂದೆ ಟ್ಯಾಕ್ಸಿ ಓಡಿಸುತ್ತೇನೋ ಇಲ್ಲವೋ ಅನ್ನುವುದನ್ನು ಒಂದು ಸೀಟು ತೀರ್ಮಾನಿಸಬೇಕಾಗಿತ್ತು.

ಮೆಕ್ಯಾನಿಕ್ ಸೆಡಾನ್ ಕಡೆ. ರಸ್ತೆಗೆ ಅಂಟಿಕೊಂಡು ಹೋಗುತ್ತದೆ, ತಿರುವಿನಲ್ಲಿ ಹೊಟ್ಟೆ ತೊಳೆಸುವುದಿಲ್ಲ, ಸದ್ದು ಒಳಗೆ ಬರುವುದಿಲ್ಲ ಅನ್ನುತ್ತಾನೆ. ನಮ್ಮ ಚಿಕ್ಕವಳು ಎಸ್‌ಯುವಿ ಕಡೆ. ಅವಳಿಗೆ ಬೇಕರಿಯ ಬ್ರೆಡ್ ವ್ಯಾನ್ ಓಡಿಸಿ ಓಡಿಸಿ ಎತ್ತರದಲ್ಲಿ ಕೂತೇ ಅಭ್ಯಾಸ. ‘ಅಪ್ಪಾ, ಮೇಲೆ ಕೂತ್ರೆ ರಸ್ತೆ ಪೂರ್ತಿ ಕಾಣುತ್ತೆ, ಕೆಳಗೆ ಕೂತ್ರೆ ಮುಂದಿನ ಗಾಡಿಯ ನಂಬರ್ ಪ್ಲೇಟ್ ಕಾಣುತ್ತೆ, ಅಷ್ಟೇ’ ಅಂತ ಒಂದೇ ಮಾತಿನಲ್ಲಿ ಮುಗಿಸಿದಳು. ಎರಡನ್ನೂ ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು. ಓಡಿಸುವವರಿಗೆ ಗಾಡಿಯಲ್ಲಿ ಇರುವುದು ಒಂದೇ ಸೀಟು, ಮಿಕ್ಕಿದ್ದೆಲ್ಲ ಕೂರುವವರದ್ದು. ಅವರನ್ನು ಕೇಳದೆ ಗಾಡಿ ತೆಗೆದುಕೊಳ್ಳುವುದು ಯಾವ ನ್ಯಾಯ? ಶುಕ್ರವಾರ ಬೆಳಗ್ಗೆ ನನ್ನ ಗಿರಾಕಿಗಳನ್ನೆಲ್ಲ ಕರೆದುಕೊಂಡು ಬಸ್ಸು ಹತ್ತಿ ಷೋರೂಮಿಗೆ ಹೋದೆ. ಗಟ್ಟಿಯಾಗಿ ನಗಬೇಡ, ಮಗು ಎದ್ದೀತು.

ನಿನಗೆ ಎಲ್ಲರೂ ಗೊತ್ತು. ಆದರೆ ಈ ಕಾಗದವನ್ನು ನೀನು ಅಳಿಯನಿಗೆ ಓದಿ ಹೇಳುತ್ತೀಯ ಅಂತಲೂ ನನಗೆ ಗೊತ್ತು, ಅವನಿಗಾಗಿ ಬರೆಯುತ್ತೇನೆ. ಒಬ್ಬರು ಟೀಚರ್. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಈಗ ಗ್ರಂಥಾಲಯಕ್ಕೆ ಹೋಗಿಬರುತ್ತಾರೆ. ನನಗಿಂತ ಒಂದು ಗೇಣು ಎತ್ತರ, ಅದರ ಮೇಲೆ ತುರುಬು ಬೇರೆ. ಇನ್ನಿಬ್ಬರು ಗುಂಡಿ, ದಾರದ ಅಂಗಡಿಯ ಅಕ್ಕ ಮತ್ತು ತಂಗಿ. ಇಬ್ಬರೂ ಕುಳ್ಳಗೆ, ದುಂಡಗೆ ಇದ್ದಾರೆ, ಒಬ್ಬರಿಗೆ ಸೆಕೆಯಾದಾಗ ಇನ್ನೊಬ್ಬರಿಗೆ ಚಳಿಯಾಗುತ್ತದೆ. ನಾಲ್ಕನೆಯವರು ಗಡಿಯಾರದ ಯಜಮಾನರು. ಅರ್ಧ ಊರಿನ ಗಡಿಯಾರ ರಿಪೇರಿ ಮಾಡಿದ ಕೈ ಅದು. ಈಗ ಡಯಾಲಿಸಿಸ್‌ಗೆ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ನಡೆದು ಬಂದು ಕೂರುತ್ತಾರೆ, ಬರುವಾಗ ಕಂಕುಳಿಗೆ ಕೈ ಕೊಟ್ಟು ಇಳಿಸಬೇಕು. ಆಗ ಅವರು ಯಾರ ಮುಖವನ್ನೂ ನೋಡುವುದಿಲ್ಲ.

ಷೋರೂಮಿನ ನೆಲ ಎಷ್ಟು ಫಳಫಳ ಅನ್ನುತ್ತಿತ್ತೆಂದರೆ ಅಕ್ಕ ತಂಗಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಡೆದರು. ಇಲ್ಲದಿದ್ದರೆ ಅವರು ಕೈ ಹಿಡಿಯುವ ಪೈಕಿ ಅಲ್ಲ. ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬರು ಹಲ್ಲು ಬಿಡುತ್ತಾ ಬಂದು, ‘ಸಾರ್, ಇಡೀ ಕುಟುಂಬ ಸಮೇತ ಬಂದಿದ್ದೀರಿ, ಬಹಳ ಸಂತೋಷ’ ಅಂದರು. ಟೀಚರ್ ಕನ್ನಡಕದ ಮೇಲಿನಿಂದ ಅವರನ್ನು ನೋಡಿ, ‘ನಾವು ಕುಟುಂಬ ಅಲ್ಲ, ಹಿಂದಿನ ಸೀಟಿನವರು’ ಅಂದರು. ಸೇಲ್ಸ್‌ಮನ್‌ಗೆ ಏನು ಅರ್ಥವಾಯಿತೋ, ನಗುವನ್ನು ಮಾತ್ರ ಹಾಗೇ ಇಟ್ಟುಕೊಂಡಿದ್ದರು.

ಮೊದಲು ಸೆಡಾನ್. ಬಾಗಿಲು ಹಾಕಿದೊಡನೆ ಹೊರಗಿನ ಸದ್ದೆಲ್ಲ ನಿಂತುಹೋಯಿತು. ಸೀಟು ಮೆತ್ತಗೆ, ಬೆನ್ನು ಕೊಂಚ ಹಿಂದಕ್ಕೆ ವಾಲುತ್ತದೆ. ಅಕ್ಕ ತಂಗಿ ಕೂತರೋ ಬಿದ್ದರೋ ಹೇಳಲಾಗದು, ಆದರೆ ಬಿದ್ದ ಜಾಗ ಇಬ್ಬರಿಗೂ ಹಿಡಿಸಿತು. ಕಾಲು ನೆಲಕ್ಕೆ ಸರಿಯಾಗಿ ಊರುತ್ತಿತ್ತು. ತೊಂದರೆ ಬಂದದ್ದು ಟೀಚರ್‌ಗೆ. ಹಿಂದುಗಡೆ ಮೇಲ್ಛಾವಣಿ ಇಳಿಜಾರಾಗಿ ಬರುತ್ತದಲ್ಲ, ಅದು ಅವರ ತುರುಬನ್ನು ಒತ್ತಿ, ತುರುಬು ತಲೆಯನ್ನು ಒತ್ತಿ, ಗದ್ದ ಎದೆಗೆ ತಾಗಿತು. ಮೊಣಕಾಲು ನನ್ನ ಸೀಟಿನ ಬೆನ್ನಿಗೆ. ‘ಇದು ಉತ್ತರಪತ್ರಿಕೆ ತಿದ್ದೋ ಭಂಗಿ. ನಾನು ಅದನ್ನ ಬಿಟ್ಟು ವರ್ಷಗಳಾಯ್ತು’ ಅಂದರು. ಸೇಲ್ಸ್‌ಮನ್ ಬಗ್ಗಿ ನನ್ನ ಸೀಟನ್ನು ಮುಂದಕ್ಕೆ ತಳ್ಳಿದರು. ಟೀಚರ್ ಕಾಲಿಗೆ ಜಾಗವಾಯಿತು, ನನ್ನ ಕಾಲು ಸ್ಟೇರಿಂಗಿನ ಕೆಳಗೆ ಸಿಕ್ಕಿಕೊಂಡಿತು. ನಡುವಿನ ಸೀಟಿನದು ಇನ್ನೊಂದು ಕಥೆ. ಅಲ್ಲಿ ಕಾಲಿಡುವ ಕಡೆ ನೆಲ ಉಬ್ಬಿಕೊಂಡಿದೆ, ಕೂತವರು ಕಾಲನ್ನು ಆ ಕಡೆ ಒಂದು ಈ ಕಡೆ ಒಂದು ಹಂಚಬೇಕು. ತಂಗಿ ಹಂಚಿದರು. ಅಕ್ಕ ಸುಮ್ಮನಿರುತ್ತಾರೆಯೇ, ‘ಇವಳ ಕಾಲು ಹುಟ್ಟಿದಾಗಿಂದ ನನ್ನ ಕಡೆಗೇ ಬರುತ್ತೆ’ ಅಂತ ಶುರು ಮಾಡಿದರು. ಡಿಕ್ಕಿ ಮಾತ್ರ ಬೇರೆಯಾಗಿ, ಆಳವಾಗಿ ಇದೆ. ಅಂಗಡಿಯ ಗಂಟುಮೂಟೆ ಎಷ್ಟು ತುಂಬಿದರೂ ಒಳಗೆ ಕೂತವರ ತಲೆಗೆ ಬಡಿಯುವುದಿಲ್ಲ.

ಗಡಿಯಾರದ ಯಜಮಾನರು ಮುಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ, ‘ಹಾಯಾಗಿದೆ ಕಣಪ್ಪ’ ಅಂದಾಗ ಸೆಡಾನೇ ಗೆದ್ದಿತು ಅಂದುಕೊಂಡೆ. ಆಮೇಲೆ ಅವರು ಏಳಲು ಹೋದರು. ಬಾಗಿಲಿನ ಅಂಚು ಹಿಡಿದರು, ಡ್ಯಾಷ್‌ಬೋರ್ಡ್ ಹಿಡಿದರು, ಮಂಡಿಯ ಮೇಲೆ ಕೈ ಊರಿದರು. ಸೀಟು ತಗ್ಗಿನಲ್ಲಿದೆ, ಮೈಯನ್ನೆಲ್ಲ ಮೇಲಕ್ಕೆ ಎತ್ತಬೇಕು. ಕೊನೆಗೆ ನಾನೇ ಕೈ ಕೊಟ್ಟೆ. ‘ಕೂರೋದು ಯಾರು ಬೇಕಾದ್ರೂ ಕೂರ್ತಾರೆ, ಏಳೋದೇ ಕಷ್ಟ. ಇವತ್ತು ಚೆನ್ನಾಗಿರೋ ದಿನ, ಇವತ್ತೇ ಹೀಗೆ’ ಅಂದರು.

ಎಸ್‌ಯುವಿಯ ಬಾಗಿಲು ತೆಗೆದರೆ ಅದೊಂದು ಅಟ್ಟ. ಟೀಚರ್ ಒಂದೇ ಹೆಜ್ಜೆಗೆ ಒಳಗೆ ಹೋಗಿ ಕೂತು, ಕಾಲು ಚಾಚಿ, ತಲೆ ಎತ್ತಿ, ‘ಇದರಲ್ಲಿ ನಾನು ಟೋಪಿ ಕೂಡ ಹಾಕ್ಕೋಬಹುದು’ ಅಂದರು. ನೆಲ ಸಪಾಟು, ನಡುವೆ ಉಬ್ಬು ಇಲ್ಲ, ಭುಜಕ್ಕೆ ಭುಜ ತಾಗುವುದಿಲ್ಲ. ಆದರೆ ತಂಗಿ ಒಂದು ಕಾಲನ್ನು ಒಳಗಿಟ್ಟರು, ಇನ್ನೊಂದು ಕಾಲು ನೆಲದಲ್ಲೇ ಉಳಿಯಿತು. ಮೇಲೂ ಹೋಗಲಾರರು, ಕೆಳಗೂ ಬರಲಾರರು. ಸೇಲ್ಸ್‌ಮನ್ ಹಿಂದಿನಿಂದ ಎರಡೂ ಕೈ ಚಾಚಿಕೊಂಡು, ಎಲ್ಲಿ ಹಿಡಿದರೆ ಮರ್ಯಾದೆ ಅಂತ ತಿಳಿಯದೆ ಬೆವರುತ್ತಾ ನಿಂತರು. ಅಕ್ಕ ನಕ್ಕೂ ನಕ್ಕೂ ಸೋಫಾದ ಮೇಲೆ ಕುಸಿದರು. ಆಮೇಲೆ ಯಾರೋ ಸ್ಟೂಲು ತಂದರು. ಬಾಗಿಲ ಕೆಳಗೆ ಮೆಟ್ಟಿಲು ಹಲಗೆ ಹಾಕಿಸಿಕೊಳ್ಳಬಹುದಂತೆ, ಅದನ್ನು ಹಾಕಿಸಲೇಬೇಕು ಅಂತ ಅಲ್ಲೇ ಹೇಳಿದೆ. ಒಳಗೆ ಕೂತ ಮೇಲೆ ಇನ್ನೊಂದು ತಕರಾರು. ಸೀಟು ಉದ್ದ, ಅವರ ಕಾಲು ಗಿಡ್ಡ, ಇಬ್ಬರ ಪಾದವೂ ಗಾಳಿಯಲ್ಲಿ. ಅಕ್ಕ ಕಾಲು ಆಡಿಸುತ್ತಾ, ‘ಚಿಕ್ಕ ಮಗು ಕೂತ ಹಾಗೆ ಕೂತಿದ್ದೀನಿ’ ಅಂದರು. ತಂಗಿ ತನ್ನ ಕೈಚೀಲವನ್ನು ಕಾಲ ಕೆಳಗೆ ಇಟ್ಟು ಸಮಸ್ಯೆ ಬಗೆಹರಿಸಿದರು. ಮೆತ್ತಗಿದೆಯೇ ಅಂದರೆ ಸೆಡಾನಿನಷ್ಟು ಇಲ್ಲ, ಊಟದ ಮೇಜಿನ ಕುರ್ಚಿಯ ಹಾಗೆ ನೆಟ್ಟಗೆ ಕೂರಿಸುತ್ತದೆ. ಹಳ್ಳ ಬಂದರೆ ಎಲ್ಲರೂ ಒಟ್ಟಿಗೆ ಆ ಕಡೆ ಈ ಕಡೆ ತೂಗುತ್ತಾರೆ. ಹಿಂದೆ ಮೂರನೇ ಸಾಲು ಅಂತ ಒಂದಿದೆ. ಸೇಲ್ಸ್‌ಮನ್ ಏಳು ಜನ ಆರಾಮಾಗಿ ಕೂರಬಹುದು ಅಂದರು. ಟೀಚರ್ ಅದನ್ನು ಬಗ್ಗಿ ನೋಡಿ, ‘ಕೊನೇ ಇಬ್ಬರು ಮೊಣಕಾಲನ್ನ ಮನೇಲಿಟ್ಟು ಬರಬೇಕಾಗುತ್ತೆ’ ಅಂದರು. ಆ ಸಾಲನ್ನು ಮಡಚದೆ ಬಿಡಿಸಿಟ್ಟರೆ ಡಿಕ್ಕಿಯಲ್ಲಿ ಉಳಿಯುವುದು ಒಂದು ಕೊಡೆ ಇಡುವಷ್ಟು ಜಾಗ.

ಆದರೆ ಯಜಮಾನರ ವಿಷಯ ಕೇಳು. ಇದರ ಸೀಟು ಸರಿಯಾಗಿ ಅವರ ಸೊಂಟದ ಮಟ್ಟಕ್ಕಿದೆ. ಸೀಟಿಗೆ ಬೆನ್ನು ಮಾಡಿ ನಿಂತರು, ಸುಮ್ಮನೆ ಹಿಂದಕ್ಕೆ ಸರಿದು ಕೂತರು, ಕಾಲು ಒಳಗೆ ತಿರುಗಿಸಿದರು. ಏಳುವಾಗ ಕಾಲು ಹೊರಗೆ ಹಾಕಿ ಜಾರಿದರು, ನೆಲದ ಮೇಲೆ ನಿಂತಿದ್ದರು. ನಾನು ಕೈ ಚಾಚಿದ್ದೆ, ಅದನ್ನು ಅವರು ನೋಡಲೂ ಇಲ್ಲ. ಮತ್ತೆ ಕೂತರು, ಮತ್ತೆ ಎದ್ದರು. ಇನ್ನೊಂದು ಸಲ. ಷೋರೂಮಿಗೆ ಬಂದ ಬೇರೆ ಜನರೆಲ್ಲ ನೋಡುತ್ತಿದ್ದರು, ಯಜಮಾನರಿಗೆ ಅದರ ಪರಿವೆಯೇ ಇರಲಿಲ್ಲ. ಯಾರ ಕೈಯನ್ನೂ ಹಿಡಿಯದೆ ಅವರು ಎದ್ದು ನಿಂತದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ನನಗೆ ಅಳು ಬಂತು, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ. ಸೇಲ್ಸ್‌ಮನ್ ಏನಾಯ್ತು ಸಾರ್ ಅಂದರು. ಹೊಸ ಗಾಡಿಯ ವಾಸನೆ ಕಣ್ಣಿಗೆ ಹೊಡೆಯಿತು ಅಂದೆ.

ಇನ್ನು ಓಡಿಸಿ ನೋಡಿದ್ದು. ಸೆಡಾನಿನಲ್ಲಿ ಎಲ್ಲ ಸರಿಯಾಗಿ ನಡೆಯಿತು, ಉದ್ಯಾನವನ್ನು ಒಂದು ಸುತ್ತು ಹಾಕಿ ವಾಪಸ್ಸು. ಎಡವಟ್ಟಾಗಿದ್ದು ಎಸ್‌ಯುವಿಯಲ್ಲಿ. ಎಲ್ಲರೂ ಅವರವರ ಖಾಯಂ ಜಾಗದಲ್ಲಿ ಕೂತರು, ಸೇಲ್ಸ್‌ಮನ್‌ಗೆ ಮೂರನೇ ಸಾಲೇ ಗತಿಯಾಯಿತು. ಉದ್ಯಾನದ ತಿರುವು ಬರುವಷ್ಟರಲ್ಲಿ ಅಕ್ಕ ದಿನಾ ಹೇಳುವ ಹಾಗೆ, ‘ಸಿಗ್ನಲ್ ದಾಟಿ ಎಡಕ್ಕೆ’ ಅಂದರು. ನನ್ನ ಕೈಗೆ ಅಷ್ಟು ಸಾಕು. ಗುಂಡಿ ಅಂಗಡಿಯ ಮುಂದೆ ನಿಲ್ಲಿಸಿದೆ, ಅಕ್ಕ ತಂಗಿ ಇಳಿದು, ಬಾಗಿಲು ಹಾಕಿ, ಷಟರ್ ಎತ್ತಿದರು. ಗ್ರಂಥಾಲಯದ ಹತ್ತಿರ ಟೀಚರ್ ಇಳಿದರು, ‘ನಾಳೆ ಇದೇ ಹೊತ್ತಿಗೆ’ ಅಂತ ಹೇಳಿಯೂ ಹೋದರು. ಯಜಮಾನರು ಅವರ ಗೇಟಿನ ಎದುರು ತಾವೇ ಇಳಿದು, ತಿರುಗಿ ನಿಂತು ನನಗೆ ಕೈ ಬೀಸಿದರು. ಮುಖ ನೋಡಿ ಕೈ ಬೀಸಿದರು. ನಾನು ಸೀದಾ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ, ಸಾಲಿನಲ್ಲಿ ನಿಲ್ಲಿಸಿ, ಗಾಡಿ ಆಫ್ ಮಾಡಿದೆ. ಆಗ ಹಿಂದಿನಿಂದ ಒಂದು ಸಣ್ಣ ದನಿ ಬಂತು, ‘ಸಾರ್, ಷೋರೂಮು?’ ಕನ್ನಡಿಯಲ್ಲಿ ನೋಡಿದರೆ ಎರಡು ಮೊಣಕಾಲು, ಅವುಗಳ ನಡುವೆ ಒಂದು ಟೈ. ನಮ್ಮಲ್ಲಿ ಒಬ್ಬರಿಗೂ ನಾವು ಟೆಸ್ಟ್ ಡ್ರೈವ್‌ನಲ್ಲಿದ್ದೇವೆ ಅಂತ ನೆನಪಾಗಿರಲಿಲ್ಲ. ಅವರ ಮ್ಯಾನೇಜರ್ ಫೋನ್ ಮಾಡಿ ಗಾಡಿ ಎಲ್ಲಿ ಅಂದರೆ, ಪಾಪ, ‘ಟ್ಯಾಕ್ಸಿ ಸ್ಟ್ಯಾಂಡಲ್ಲಿದೆ ಸಾರ್, ನಮ್ಮದು ಮೂರನೇ ಸರದಿ’ ಅಂದರು. ಅಷ್ಟರಲ್ಲಿ ಸೂಟ್‌ಕೇಸ್ ಹಿಡಿದ ಒಬ್ಬರು ಬಾಗಿಲು ತೆಗೆದು ಸ್ಟೇಷನ್‌ಗೆ ಬರ್ತೀರಾ ಅಂತ ಕೇಳಿಯೂ ಆಯಿತು. ಕೊನೆಗೆ ಗಾಡಿ ಹೇಗೋ ಷೋರೂಮು ಸೇರಿತು.

ನನ್ನ ಸೀಟಿನ ವಿಷಯ ಏನಾಯಿತು ಅಂತ ನೀನು ಈಗಾಗಲೇ ಎರಡು ಸಲ ಕೇಳಿರುತ್ತೀಯ. ಹೇಳುತ್ತೇನೆ. ಸೆಡಾನಿನಲ್ಲಿ ಕಾಲು ಮುಂದಕ್ಕೆ ಚಾಚಿ, ಒರಗಿ ಓಡಿಸಬೇಕು. ಮೊದಲಿಗೆ ಸುಖ, ಆಮೇಲೆ ಸೊಂಟದ ಹತ್ತಿರ ಎಳೆಯುತ್ತದೆ. ಎಸ್‌ಯುವಿಯಲ್ಲಿ ನೆಟ್ಟಗೆ ಕೂರಬಹುದು, ಎತ್ತರ ಏರಿಸಿ ಇಳಿಸಬಹುದು, ಸೊಂಟದ ಹಿಂದೆ ಉಬ್ಬು ಬೇಕಾದರೆ ಅದಕ್ಕೂ ಒಂದು ತಿರುಪು ಇದೆ. ಇದಕ್ಕಿಂತ ಒಳ್ಳೆಯ ಸೀಟಿನಲ್ಲಿ ನಾನು ಕೂತಿಲ್ಲ. ಸಂಜೆ ಎಲ್ಲರಿಗೂ ಫೋನ್ ಮಾಡಿ ತೀರ್ಪು ಕೇಳಿದೆ. ಟೀಚರ್, ಯಜಮಾನರು ಎಸ್‌ಯುವಿ ಅಂದರು. ಅಕ್ಕ ಸೆಡಾನ್ ಅಂದರು, ಆದ್ದರಿಂದ ತಂಗಿ ಎಸ್‌ಯುವಿ ಅಂದರು. ನಿನ್ನೆ ಬುಕ್ ಮಾಡಿದ್ದಾಯಿತು, ಮೆಟ್ಟಿಲು ಹಲಗೆ ಸಮೇತ. ಬಣ್ಣ ಬಿಳಿ. ಕೊಳೆ ಕಾಣುತ್ತದೆ ಅಂತ ನೀನು ಅನ್ನುತ್ತೀಯ, ಕಾಣಲಿ, ತೊಳೆಯುತ್ತೇವೆ.

ಮೊಮ್ಮಗಳಿಗೆ ತಾತನ ಮುತ್ತುಗಳು, ಅವಳು ನಿದ್ದೆಯಲ್ಲಿದ್ದಾಗ ದೂರದಿಂದಲೇ ಕೊಡು. ದೊಡ್ಡವಳಿಗೆ ಆಶೀರ್ವಾದ, ಹೊತ್ತು ಹೊತ್ತಿಗೆ ಊಟ ಮಾಡಲು ಹೇಳು. ಇಷ್ಟುದ್ದ ಕಾಗದವನ್ನು ಕೇಳಿಸಿಕೊಂಡದ್ದಕ್ಕೆ ಅಳಿಯನಿಗೂ ಆಶೀರ್ವಾದ. ನಿನ್ನ ಮಂಡಿಗೆ ವಿಶ್ರಾಂತಿ ಕೊಡು, ಬಾಯಿಗೆ ಬೇಡ, ನಿನ್ನ ಬೈಗುಳವಿಲ್ಲದೆ ಮನೆ ಬಿಕೋ ಅನ್ನುತ್ತಿದೆ.

ಇತಿ ನಿನ್ನ,
ಟ್ಯಾಕ್ಸಿಯವನು

ವಿ.ಸೂ.: ಕಾಗದವನ್ನು ಅಂಚೆಗೆ ಹಾಕಲು ಚಿಕ್ಕವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ‘ಅದನ್ನ ಬರೆದ್ರಾ ಇಲ್ವಾ’ ಅಂತ ಕಣ್ಣು ಬಿಡುತ್ತಿದ್ದಾಳೆ, ಬರೆದುಬಿಡುತ್ತೇನೆ. ಸ್ಟ್ಯಾಂಡಿನಲ್ಲಿ ಗಾಡಿ ಆಫ್ ಮಾಡಿದ ಮೇಲೆ ನನಗೆ ಏಳಲು ಆಗಲಿಲ್ಲ. ಬೆನ್ನು ಹಿಡಿದುಕೊಂಡು ಬಲಗಾಲು ಜೋಮು ಹಿಡಿದಿತ್ತು. ಸೀಟಿನದು ತಪ್ಪಿಲ್ಲ. ಅಷ್ಟು ಒಳ್ಳೆಯ ಸೀಟಿನಲ್ಲೇ ಆಗಲಿಲ್ಲ ಅಂದಮೇಲೆ ಇನ್ನು ಯಾವ ಸೀಟಿನಲ್ಲೂ ಆಗುವುದಿಲ್ಲ. ಬೆನ್ನನ್ನೇ ಕೇಳಿದೆ, ಅದು ಬೇಡ ಅಂದಿತು. ಫೋನ್ ಮಾಡಿದೊಡನೆ ಬ್ರೆಡ್ ವ್ಯಾನಿನಲ್ಲೇ ಬಂದ ಚಿಕ್ಕವಳು ಅದನ್ನು ಸ್ಟ್ಯಾಂಡಿನಲ್ಲೇ ಬಿಟ್ಟು, ನನ್ನನ್ನು ಹಿಂದಿನ ಸೀಟಿಗೆ ದಾಟಿಸಿ, ಷೋರೂಮಿನವರೆಗೆ ತಾನೇ ಓಡಿಸಿದಳು. ಬೇರೆಯವರ ಕೈಯಲ್ಲಿ ಸ್ಟೇರಿಂಗ್ ಇದ್ದರೆ ನಾನು ಉಸಿರು ಬಿಗಿಹಿಡಿದು ಕೂರುವವನು. ಎರಡನೇ ತಿರುವು ದಾಟುವಷ್ಟರಲ್ಲಿ ನಿದ್ದೆ ಹೋಗಿದ್ದೆನಂತೆ, ಗೊರಕೆ ಸಮೇತ, ಸೇಲ್ಸ್‌ಮನ್ ಸಾಕ್ಷಿ. ಗಾಡಿ ಬುಕ್ ಮಾಡಿದ್ದು ಅವಳ ಹೆಸರಿನಲ್ಲಿ. ಬೇಕರಿಗೆ ಹೇಳಿಯಾಗಿದೆ, ಬುಧವಾರದಿಂದ ಅವಳೇ ಓಡಿಸುತ್ತಾಳೆ. ಟೀಚರ್‌ಗೆ ಹೇಳಿದರೆ, ‘ನಿಮಗಿಂತ ಕಡಿಮೆ ಮಾತಾಡ್ತಾಳೆ, ಒಳ್ಳೇದೇ ಆಯ್ತು’ ಅಂದರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ನೀನು ಅಳಬೇಡ, ಆ ಕೆಲಸ ನಾನು ಮಾಡಿ ಮುಗಿಸಿದ್ದೇನೆ. ನೀನು ಬರುವ ದಿನ ಅವಳು ಸ್ಟೇಷನ್ನಿಗೆ ಗಾಡಿ ತರುತ್ತಾಳೆ, ನಾನೂ ಬರುತ್ತೇನೆ. ಮದುವೆಯಾದಾಗಿನಿಂದ ನೀನು ಗಾಡಿಯಲ್ಲಿ ಹಿಂದೆ ಕೂತು ನನ್ನ ಕತ್ತಿನ ಜೊತೆ ಮಾತಾಡಿಕೊಂಡು ಬಂದವಳು. ಈ ಸಲ ನಾನೂ ಹಿಂದೆಯೇ ಕೂರುತ್ತೇನೆ, ನಿನ್ನ ಪಕ್ಕದಲ್ಲಿ. ಕಿಟಕಿಯ ಕಡೆ ನೀನು ಕೂತುಕೋ. ಬೈಯುವುದಿದ್ದರೆ ಇನ್ನು ಕನ್ನಡಿಯಲ್ಲಿ ನೋಡಿಕೊಂಡು ಬೈಯಬೇಕಾಗಿಲ್ಲ.